ಗಂಜಿ ಹತ್ತಿದ ಗೀಜರ್

ಕರೆಂಟ್ ಜೋರಾಗಿ ಹೊಡೆದವರು ನನ್ನ ಅಂಗಡಿಗೆ ಬರುತ್ತಿರಲಿಲ್ಲ, ಅವರು ಸೀದಾ ದವಾಖಾನೆಗೆ ಹೋಗುತ್ತಿದ್ದರು. ನನ್ನಲ್ಲಿಗೆ ಬರುತ್ತಿದ್ದವರು ಹೊಡೆಯಿತೋ ಇಲ್ಲವೋ ಎಂಬ ಗುಮಾನಿ ಇದ್ದವರು. ಆ ಗುಮಾನಿಯ ಮೇಲೆಯೇ ನಾನು ಮೂವತ್ತೆಂಟು ವರ್ಷ ಸಂಸಾರ ನಡೆಸಿದೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಗೀಜರ್, ನೀರು ಕಾಸುವ ರಾಡ್, ಇಸ್ತ್ರಿ, ಕಾಯಿಲ್ ಒಲೆ, ಹೀಗೆ ಬಿಸಿಯಾಗುವ ಸಾಮಾನು ಏನೇ ಇರಲಿ, ಜಮಖಂಡಿಯ ಪೇಟೆಯಲ್ಲಿದ್ದ ನನ್ನ ಅಂಗಡಿಯ ಕಟ್ಟೆಯನ್ನು ಒಮ್ಮೆಯಾದರೂ ಹತ್ತಿ ಇಳಿದಿರುತ್ತಿತ್ತು. ಮೊಣಕಾಲು ಏಣಿ ಹತ್ತಲು ಒಲ್ಲೆ ಎಂದ ಮೇಲೆ ಅಂಗಡಿ ಮುಚ್ಚಿದೆ. ಈಗ ಐಟಿಐ ಮುಗಿಸಿದ ಹುಡುಗರು, ಹುಡುಗಿಯರು ಮನೆಗೆ ಬಂದು ಯಾವ ಕಂಪನಿಯ ಮೀಟರ್ ಛಲೋ ಎಂದು ಕೇಳುತ್ತಾರೆ. ಮೀಟರ್ ಯಾವುದಾದರೂ ನಡೆದೀತು. ನಾನು ಎಲ್ಲಿ ಎಡವಿದೆ ಎಂದು ಯಾರೂ ಕೇಳುವುದಿಲ್ಲ, ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಗಿರಾಕಿಗಳು ‘ಲೀಕೇಜ್’ ಎಂಬ ಶಬ್ದವನ್ನು ಆಡುವುದಿಲ್ಲ. ಜಮಖಂಡಿಯವರು ‘ಜುಮ್ ಅಂತೈತಿ’ ಅನ್ನುತ್ತಿದ್ದರು. ಮುಧೋಳದ ಒಬ್ಬ ಹೆಣ್ಣುಮಗಳು ‘ಇಸ್ತ್ರಿ ಹಿಡದ್ರ ಇರಿವಿ ಹರದಂಗ ಆಗ್ತೈತಿ’ ಎಂದಳು. ಸಮೀರವಾಡಿಯ ಕಡೆಯಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನವ ‘ಬಕೀಟು ಸಣ್ಣಗ ಚಿವುಟತೈತ್ರಿ’ ಎಂದು ನಾಚಿಕೊಂಡು ಹೇಳಿದ. ಒಬ್ಬ ಮಾಸ್ತರರು ತಮ್ಮ ಬಚ್ಚಲದ ಬಿಸಿನೀರಿಗೆ ಹುಳಿ ಬಂದಿದೆ ಎಂದು ದೂರು ತಂದರು. ನಾನು ಟಾಕಿ ತೊಳೆಸಿರಿ ಎಂದೆ. ಅವರು ಎರಡು ಸಲ ತೊಳೆಸಿದರು. ಆಮೇಲೆ ಗೊತ್ತಾಯಿತು, ರಾಡ್ ಹಾಕಿದ ಬಕೆಟ್ಟಿನಿಂದಲೇ ನೀರು ತುಂಬಿಕೊಂಡು ಬಾಯಿ ಮುಕ್ಕಳಿಸುತ್ತಿದ್ದರು, ಹುಳಿ ಬಂದದ್ದು ನೀರಿಗಲ್ಲ, ಅವರ ನಾಲಿಗೆಗೆ ಕರೆಂಟ್ ಹತ್ತುತ್ತಿತ್ತು. ದೇವರು ದೊಡ್ಡವನು, ಮಾಸ್ತರರು ಇನ್ನೂ ಇದ್ದಾರೆ.

ನನಗೆ ಕಸುಬು ಕಲಿಸಿದವರು ಮಕಬೂಲ ಉಸ್ತಾದರು. ಮಾತು ಕಡಿಮೆ, ಕೈ ಜಾಸ್ತಿ. ಒಮ್ಮೆ ನಾನು ಇಸ್ತ್ರಿಯೊಂದನ್ನು ಅಂಗೈಯಿಂದ ಮುಟ್ಟಿ ನೋಡಲು ಹೋದೆ, ಹಿಂದಿನಿಂದ ಬೆನ್ನಿಗೆ ಬಿದ್ದ ಏಟಿಗೆ ಇಸ್ತ್ರಿ ಒಂದು ಕಡೆ, ನಾನು ಒಂದು ಕಡೆ. ಅಂಗೈಗೆ ಕರೆಂಟ್ ಹತ್ತಿದರೆ ಮುಷ್ಟಿ ತಾನೇ ಬಿಗಿಯುತ್ತದೆ, ಹಿಡಿದದ್ದನ್ನು ಬಿಡಲು ಆಗುವುದಿಲ್ಲ, ಆದ್ದರಿಂದ ಮುಟ್ಟಲೇಬೇಕಾದರೆ ಹಿಂಗೈಯಿಂದ ಮುಟ್ಟು ಎಂದು ಆಮೇಲೆ ಚಹಾ ಕುಡಿಸಿ ಬಿಡಿಸಿ ಹೇಳಿದರು. ನೀವು ಇದನ್ನು ಓದಿ ಹಿಂಗೈಯನ್ನೂ ಇಡಬೇಡಿ. ಉಸ್ತಾದರ ಕಾಲದಲ್ಲಿ ಅಂಗಡಿಗೆ ಒಂದೇ ಮೀಟರ್ ಇತ್ತು, ಅದೂ ಮೂರು ದಿನಕ್ಕೊಮ್ಮೆ ರಜೆ ಹಾಕುತ್ತಿತ್ತು.

ಅವರ ಎರಡನೆಯ ಕಟ್ಟಪ್ಪಣೆ ರಬ್ಬರ್ ಚಪ್ಪಲಿ. ಕೆಲಸದಲ್ಲಿ ಇರುವಾಗ ಕಾಲಿನಿಂದ ಅದು ಕಳಚಬಾರದು. ನಮ್ಮ ಊರುಗಳಲ್ಲಿ ಚಪ್ಪಲಿ ಹಾಕಿಕೊಂಡು ಅಡಿಗೆಮನೆ ದಾಟಿ ಬಚ್ಚಲಕ್ಕೆ ಹೋಗುವವನನ್ನು ಹೆಣ್ಣುಮಕ್ಕಳು ಸುಮ್ಮನೆ ಬಿಡುತ್ತಾರೆಯೇ. ಬೈಸಿಕೊಂಡು ಸಾಕಾಗಿ ನಾನು ಚೀಲದಲ್ಲಿ ಇನ್ನೊಂದು ಜೋಡಿ ಇಟ್ಟುಕೊಂಡೆ. ಬಾಗಿಲಲ್ಲಿ ನಿಂತು ಅದರ ತಳ ಎತ್ತಿ ತೋರಿಸುತ್ತಿದ್ದೆ, ತೊಳೆದದ್ದು ಇದೆ, ಮಣ್ಣು ಕಂಡಿಲ್ಲ ಎಂದು. ಕೆಲವರು ಮೂಸಿ ನೋಡಿ ಒಳಗೆ ಬಿಟ್ಟಿದ್ದಾರೆ. ಹೀಗೆ ವರ್ಷಗಟ್ಟಲೆ ನನ್ನ ಅಂಗಾಲು ಗಿರಾಕಿಯ ನೆಲವನ್ನು ಮುಟ್ಟಲಿಲ್ಲ. ಆಗ ಅದು ನನಗೆ ದೊಡ್ಡ ಹೆಮ್ಮೆಯಾಗಿತ್ತು.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಪ್ಲಗ್ಗಿನ ಮೂರನೆಯ ದಪ್ಪ ಪಿನ್ನು ನಮ್ಮ ಭಾಗದಲ್ಲಿ ಬೇಡವಾದ ನೆಂಟನ ಹಾಗೆ. ಹಳೆಯ ಬೋರ್ಡಿಗೆ ಅದು ಹಿಡಿಸದಿದ್ದರೆ ಕತ್ತರಿಸಿ ಒಗೆಯುತ್ತಿದ್ದರು. ಪ್ಲಗ್ಗೇ ಬೇಡ ಎನ್ನುವವರು ವೈರಿನ ಎರಡು ತುದಿ ಸುಲಿದು ತೂತಿಗೆ ತುರುಕಿ, ಜಾರದಂತೆ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸುತ್ತಿದ್ದರು. ನಾನು ಹೊಸ ಮನೆಗಳಿಗೆ ಹಿತ್ತಲಿನಲ್ಲಿ ಗುಂಡಿ ತೋಡಿ, ಇದ್ದಲಿ ಮತ್ತು ಉಪ್ಪು ತುಂಬಿ ಅರ್ಥಿಂಗ್ ಮಾಡಿ, ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಿರಿ ಎನ್ನುತ್ತಿದ್ದೆ. ಮಲ್ಲಪ್ಪ ಕರೆಂಟಿನ ಗಿಡ ಹಚ್ಚಿ ಹೋಗಿದ್ದಾನೆ, ಕಾಯಿ ಯಾವಾಗ ಬಿಡುತ್ತದೋ ಎಂದು ಜನ ನನ್ನ ಹೆಸರು ಹಿಡಿದು ನಗುತ್ತಿದ್ದರು. ಆಮೇಲೆ ನಾನೂ ಸೋಮಾರಿಯಾದೆ. ಕೊಳವೆಬಾವಿಯ ಕಬ್ಬಿಣದ ಪೈಪು ಹೇಗಿದ್ದರೂ ನೂರಾರು ಅಡಿ ನೆಲದೊಳಗೆ ಇಳಿದಿರುತ್ತದೆ, ಅರ್ಥಿನ ತಂತಿಯನ್ನು ಅದಕ್ಕೇ ಸುತ್ತಿ ಕೈ ತೊಳೆದುಕೊಳ್ಳುತ್ತಿದ್ದೆ.

ಬೀಳಗಿಯ ಅಜ್ಜನ ಸಂಗತಿ ಹೇಳದೆ ಮುಂದೆ ಹೋದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಅಜ್ಜನದು ಬಾಡಗಂಡಿಯ ಕಡೆ ಕಬ್ಬಿನ ಹೊಲ, ಬೀಳಗಿಯಲ್ಲಿ ಮನೆ. ಬಚ್ಚಲದ ಗೀಜರಿನ ಸ್ಟೀಲ್ ನಳ ಜುಮ್ ಅನ್ನುತ್ತದೆ ಎಂದು ಮಗ ನನ್ನನ್ನು ಕರೆಸಿದ. ಹೋಗಿ ನೋಡಿದರೆ ಅಜ್ಜ ಬಚ್ಚಲದ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದ. ದಿನಾ ಮುಂಜಾನೆ ಆ ನಳವನ್ನು ಹಿಡಿದು ನೂರು ಎಣಿಸುತ್ತಾನಂತೆ, ಹತ್ತು ವರ್ಷದ ಮೊಣಕಾಲು ನೋವು ಅರ್ಧಕ್ಕೆ ಇಳಿದಿದೆಯಂತೆ.

‘ದವಾಖಾನ್ಯಾಗ ಇದಕ್ಕ ರೊಕ್ಕಾ ತಗೋತಾರ. ನನಗ ಬಚ್ಚಲದಾಗ ಸಿಕ್ಕೈತಿ. ಮುಟ್ಟಿದಿ ಅಂದ್ರ ನೋಡ ಮತ್ತ,’ ಎಂದ ಅಜ್ಜ.

ಮಗ ಉಪಾಯ ಮಾಡಿ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದ. ನಾನು ನೀರು ಕಾಯಿಸುವ ಸುಟ್ಟ ಸುರುಳಿ, ಎಲಿಮೆಂಟ್, ತೆಗೆದು ಹೊಸದು ಹಾಕಿ, ಅರ್ಥಿಂಗ್ ಸರಿಪಡಿಸಿ, ಕಳ್ಳನ ಹಾಗೆ ಊರು ಬಿಟ್ಟೆ. ಹದಿನೈದು ದಿನಕ್ಕೆ ಅಜ್ಜ ನನ್ನ ಅಂಗಡಿಯ ಮುಂದೆ ಇಳಿದ. ಬಡಿಗೆ ತಂದಿದ್ದಾನೆ ಎಂದುಕೊಂಡೆ, ನೋಡಿದರೆ ಬೆಲ್ಲದ ಪೆಂಟೆ ತಂದಿದ್ದ. ನಾನು ಬಂದು ಹೋದ ಮೇಲೆ ನಳ ಇನ್ನೂ ಛಲೋ ಜುಮ್ ಅನ್ನುತ್ತಿದೆ, ಈಗ ಐವತ್ತು ಎಣಿಸಿದರೆ ಸಾಕು ಎಂದ. ನಾನು ಮೀಟರ್ ಹಚ್ಚಿ ಸೊನ್ನೆ ನೋಡಿಯೇ ಬಂದಿದ್ದೆ. ಆದರೂ ಬೆಲ್ಲ ತೆಗೆದುಕೊಂಡೆ.

ಆ ಬೆಲ್ಲ ನನ್ನ ತಲೆ ಕೆಡಿಸಿತು. ಜನರ ‘ಜುಮ್’ ಎಂಬುದು ಅರ್ಧ ಕರೆಂಟಿನದು, ಅರ್ಧ ತಲೆಯೊಳಗಿನದು ಎಂದು ನಾನು ತೀರ್ಮಾನಿಸಿಬಿಟ್ಟೆ. ಅಂದಿನಿಂದ ಯಾರೇ ಬಂದು ಏನೇ ಹೇಳಿದರೂ ಮೊದಲು ಮೀಸೆಯೊಳಗೇ ನಗುತ್ತಿದ್ದೆ. ಕಸುಬು ಬಿಡುವುದಕ್ಕೆ ಒಂದು ವರ್ಷ ಇರುವಾಗ ಸವಿತಾಳ ಗೀಜರ್ ಬಂತು.

ಜಮಖಂಡಿಯಲ್ಲಿ ಶಾಂತಕ್ಕನದು ಕಿರಾಣಿ ವ್ಯಾಪಾರದ ಮನೆ. ಗಂಡ ತೀರಿಕೊಂಡ ಮೇಲೆ ಮಗ ಪ್ರಕಾಶನನ್ನು ಜೊತೆಗಿಟ್ಟುಕೊಂಡು ಅಂಗಡಿ ನಡೆಸಿದವಳು. ಆ ಮನೆಯ ವೈರಿಂಗ್ ನನ್ನದೇ, ಪ್ರಕಾಶನ ಮದುವೆಯ ಮುಂದೆ ಬಚ್ಚಲಕ್ಕೆ ಗೀಜರ್ ಕೂಡಿಸಿದವನೂ ನಾನೇ. ಸೊಸೆ ಸವಿತಾ ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಬಾಣಂತನ ಮುಗಿಸಿ, ಮೂರು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ತವರಿನಿಂದ ಬಂದು ನಾಲ್ಕು ದಿನ ಆಗಿತ್ತು. ಪ್ರಕಾಶ ಫೋನ್ ಮಾಡಿದ.

‘ಮಾಮಾ, ಗೀಜರಿಗೆ ಗಂಜಿ ಹತ್ತೈತಿ ಅಂತಾಳ್ರಿ ನಮ್ಮಾಕಿ.’

ನಾನು ಗಂಭೀರವಾಗಿ, ಅಕ್ಕಿಯದೋ ನುಚ್ಚಿನದೋ ಎಂದು ಕೇಳಿದೆ. ಬಚ್ಚಲದಲ್ಲಿ ಗಂಜಿ ಕಾಸುವ ಮನೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೋಗಿ ನೋಡಿದರೆ ಶಾಂತಕ್ಕ ಆಗಲೇ ಗೀಜರಿಗೆ ಸಾಬೂನು ಹಚ್ಚಿ ತಿಕ್ಕಿ, ಲಿಂಬಿಹಣ್ಣು ಹಚ್ಚಿ ಮತ್ತೆ ತಿಕ್ಕಿ, ಹೊಳೆಯುವಂತೆ ಮಾಡಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ತನ್ನ ಬಚ್ಚಲ ಹೊಲಸು ಎಂದು ಸೊಸೆ ಆಡಿದಳೆಂಬುದೇ ಅವಳ ಸಿಟ್ಟು. ಸವಿತಾ ಹೇಳಿದ್ದು ಉಣ್ಣುವ ಗಂಜಿಯಲ್ಲ. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಹಚ್ಚುತ್ತಾರಲ್ಲ, ಆ ಗಂಜಿ. ನೇಕಾರರ ಮನೆಯಲ್ಲಿ ಗಂಜಿ ಎಂದರೆ ಮೊದಲು ಅದೇ.

‘ಒಣಗೈಲೆ ಹಗೂರಕ ಸವರಿದ್ರ ಗಂಜಿ ಹಚ್ಚಿದ ನೂಲು ಸವರಿದಂಗ ಆಗ್ತೈತ್ರಿ ಕಾಕಾ,’ ಎಂದಳು ಸವಿತಾ. ‘ಬೆರಳು ಹಿಡದ್ಹಿಡದು ಬಿಡತೈತಿ. ಕೈ ನಿಂದರಿಸಿದ್ರ ಏನೂ ಇಲ್ಲ. ನಾ ಬಾಣಂತನಕ್ಕ ಹೋಗೂಮುಂದ ಹಿಂಗ ಇದ್ದಿದ್ದಿಲ್ಲ.’

ಜುಮ್ ಅನ್ನುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಚುಚ್ಚುತ್ತದೆಯೇ? ಇಲ್ಲ. ಮೂವತ್ತೇಳು ವರ್ಷದಲ್ಲಿ ಹತ್ತಾರು ಶಬ್ದ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ತೊಳೆದ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಿ ಉಸ್ತಾದರ ಏಟು ಮರೆತು ಗೀಜರಿನ ಮೈಯನ್ನು ಅಂಗೈಯಿಂದಲೇ ಸವರಿದೆ, ನುಣ್ಣಗಿತ್ತು. ಟೆಸ್ಟರ್ ಹಚ್ಚಿದೆ, ದೀಪ ಹತ್ತಲಿಲ್ಲ. ಮೀಟರ್ ಅಂಗಡಿಯಲ್ಲಿ ಬಿಟ್ಟು ಬಂದಿದ್ದೆ, ಗಂಜಿ ಒರೆಸಲು ಮೀಟರ್ ಯಾಕೆ ಎಂದು.

ಪ್ರಕಾಶನಿಗೆ ಏನೋ ಹೊಳೆಯಿತು. ಗೀಜರಿನ ಸ್ವಿಚ್ ಬಂದ್ ಮಾಡಿ, ಈಗ ಸವರಿ ಹೇಳು ಎಂದ. ಸವಿತಾ ಕಣ್ಣು ಮುಚ್ಚಿ ಸವರಿದಳು.

‘ಈಗೂ ಹಂಗ ಐತ್ರಿ.’

ಅಲ್ಲಿಗೆ ಮುಗಿಯಿತು. ಸ್ವಿಚ್ ಬಂದ್ ಇದ್ದಾಗಲೂ ಕರೆಂಟ್ ತಾಗುತ್ತದೆ ಎಂದರೆ ಅದು ಗೀಜರಿನಲ್ಲಿ ಇರುವುದಲ್ಲ ಎಂದು ಪ್ರಕಾಶ ನಕ್ಕ, ಶಾಂತಕ್ಕ ನಕ್ಕಳು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನನ್ನ ಕಣ್ಣ ಮುಂದೆ ಬೀಳಗಿಯ ಅಜ್ಜ ನಳ ಹಿಡಿದು ನಿಂತಿದ್ದ. ಶಾಂತಕ್ಕ ಕೇಳಿದಳೆಂದು ಕಿರಾಣಿ ಅಂಗಡಿಯ ಚೀಟಿಯ ಹಿಂದೆ ‘ಗೀಜರ್ ಸುರಕ್ಷಿತ ಇದೆ’ ಎಂದು ಬರೆದು ಸಹಿ ಹಾಕಿಕೊಟ್ಟೆ. ಸವಿತಾ ಮಗುವಿನ ಬಟ್ಟೆ ಮಡಚುತ್ತ ಕೂತಳು. ಮರುದಿನ ಕೂಸನ್ನು ಎತ್ತಿಕೊಂಡು ಬನಹಟ್ಟಿಯ ಬಸ್ಸು ಹತ್ತಿದಳು. ಆ ಗೀಜರಿನ ನೀರು ಮಗುವಿನ ಮೈಗೆ ಬೀಳುವ ಮನೆಗೆ ತಾನು ಬರುವುದಿಲ್ಲ ಎಂದು ಹೇಳಿ ಹೋದಳು.

ಶಾಂತಕ್ಕನಿಗೆ ಅದು ಎಲ್ಲಿ ನಾಟಿತು ಎಂಬುದನ್ನು ಹೇಳಬೇಕು. ಆ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ಕರೆಯುತ್ತಿದ್ದದ್ದು ಶಾಂತಕ್ಕನನ್ನೇ. ಬಚ್ಚಲದಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ತಂಬಿಗೆಯಿಂದ ನೀರು ಎರೆಯುವುದರಲ್ಲಿ ಅವಳ ಕೈ ಪಳಗಿತ್ತು. ತನ್ನ ಸ್ವಂತ ಮೊಮ್ಮಗನಿಗೆಂದು ಅಟ್ಟದಿಂದ ತಾಮ್ರದ ಹಂಡೆ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಗೀಜರಿನ ಪೈಪಿನ ಕೆಳಗೆ ಇಟ್ಟಿದ್ದಳು. ಸವಿತಾ ಬಂದಂದಿನಿಂದ ಕೂಸಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳೇ ಹೊರತು ಒಂದು ದಿನವೂ ಎರೆಯಲು ಕೊಡಲಿಲ್ಲ. ಸೊಸೆ ತನ್ನ ಕೈಯನ್ನೇ ನಂಬಲಿಲ್ಲ, ಗೀಜರ್ ಬರೀ ನೆಪ ಎಂದು ಅವಳು ತಿಳಿದಳು. ಮಾತು ಎರಡೂ ಮನೆಗಳಲ್ಲಿ ಬೆಳೆಯಿತು. ಸೋಮವಾರ ಹಿರಿಯರು ಕೂಡುವುದು ಎಂದು ಗೊತ್ತಾಯಿತು. ನಮ್ಮ ಕಡೆ ಹಿರಿಯರು ಕೂಡಿದರೆಂದರೆ ಸಣ್ಣ ಮಾತು ಸಣ್ಣದಾಗಿ ಉಳಿಯುವುದಿಲ್ಲ, ಒಮ್ಮೊಮ್ಮೆ ಸಂಸಾರವೂ ಉಳಿಯುವುದಿಲ್ಲ.

ಅದಕ್ಕೂ ಮೊದಲು ಶಾಂತಕ್ಕ ನನ್ನನ್ನು ಕಳಿಸಿದಳು. ನೀನು ಗೀಜರ್ ಕೂಡಿಸಿದವ, ನೀನು ಹೇಳಿದರೆ ಕೇಳುತ್ತಾಳೆ ಎಂದಳು. ನಾನು ಇಸ್ತ್ರಿ ಅಂಗಿ ತೊಟ್ಟು, ನನ್ನದೇ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡು, ಪ್ರಕಾಶನೊಂದಿಗೆ ಶನಿವಾರ ಮುಂಜಾನೆ ಬನಹಟ್ಟಿಗೆ ಹೋದೆ. ಮಗ್ಗದ ಸದ್ದಿನಲ್ಲಿ ಅಲ್ಲಿಯವರು ಸಣ್ಣ ದನಿಯಲ್ಲಿ ಮಾತಾಡಿ ತುಟಿ ನೋಡಿ ತಿಳಿಯುತ್ತಾರೆ, ನಾವಿಬ್ಬರೂ ಜಗಳಕ್ಕೆ ಬಂದವರ ಹಾಗೆ ಒದರುತ್ತಿದ್ದೆವು. ಸವಿತಾಳ ಆಯಿ, ಅಂದರೆ ಅವಳ ಅಪ್ಪನ ತಾಯಿ, ಮಗ್ಗ ಬಂದ್ ಮಾಡಿಸಿ ನಮ್ಮ ಎದುರು ಕೂತಳು. ಎಂಬತ್ತು ದಾಟಿದ ಮುದುಕಿ, ಕಣ್ಣಿನಲ್ಲಿ ಪೊರೆ. ನಾನು ಚೀಟಿ ತೆಗೆದು ಗಟ್ಟಿಯಾಗಿ ಓದಿದೆ. ಕರೆಂಟಿನ ಕಸುಬಿನಲ್ಲಿ ನನ್ನ ಕೈ ಎಷ್ಟು ಪಳಗಿದೆ ಎಂದೂ ಸ್ವಲ್ಪ ಹೇಳಿಕೊಂಡೆ.

ಮುದುಕಿ ಕೇಳಿದಳು, ಕೇಳಿ ಒಳಗೆ ಹೋಗಿ ಮೂರು ನೂಲಿನ ಲಡಿ ತಂದಳು. ಒಂದಕ್ಕೆ ಗಂಜಿ ಇಲ್ಲ, ಒಂದಕ್ಕೆ ತೆಳ್ಳನೆಯ ಗಂಜಿ, ಒಂದಕ್ಕೆ ದಪ್ಪ ಗಂಜಿ. ಕಣ್ಣು ಮುಚ್ಚಿ ಯಾವುದು ಯಾವುದು ಹೇಳು ಎಂದಳು. ನಾನು ಮುಟ್ಟಿದೆ, ತಿಕ್ಕಿದೆ, ಎಳೆದೆ. ಹೇಳಿದೆ. ಕಣ್ಣು ತೆರೆದರೆ ಪ್ರಕಾಶ ನೆಲ ನೋಡುತ್ತಿದ್ದ. ಮೂರೂ ತಪ್ಪಾಗಿದ್ದವು. ಇನ್ನೊಮ್ಮೆ ಮಾಡಿಸಿದಳು, ಇನ್ನೊಮ್ಮೆಯೂ ತಪ್ಪಿದೆ. ಸವಿತಾ ಕೂಸನ್ನು ಎಡಗೈಗೆ ಹಾಕಿಕೊಂಡು, ಬಲಗೈಯ ಒಂದೇ ಬೆರಳನ್ನು ಮೂರರ ಮೇಲೆ ಹರಿಸಿ ಮೂರನ್ನೂ ಸರಿಯಾಗಿ ಹೇಳಿದಳು.

ಮುದುಕಿ ನನ್ನ ಕೈ ಹಿಡಿದು, ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಕಾಯ್ದ ಬೆಸುಗೆ ಕಡ್ಡಿ ತಾಗಿ ತಾಗಿ ಅವು ಒಣಗಿದ ಚರ್ಮದ ಗಂಟುಗಳಾಗಿದ್ದವು.

‘ನಿಮ್ಮ ಬೆರಳು ಸತ್ತಾವ್ರಿ,’ ಎಂದಳು. ‘ಸತ್ತ ಬೆರಳಿನ ಸಾಕ್ಷಿ ತಂದು ನನ್ನ ಮೊಮ್ಮಗಳನ್ನ ಸುಳ್ಳಿ ಅಂತೀರಿ.’

ಸಿಟ್ಟಿನಿಂದ ಹೇಳಲಿಲ್ಲ, ಊಟಕ್ಕೆ ಏಳಿರಿ ಎನ್ನುವ ದನಿಯಲ್ಲೇ ಹೇಳಿದಳು. ನನಗೆ ಆದಷ್ಟು ಅವಮಾನ ಉಸ್ತಾದರ ಏಟಿನಿಂದಲೂ ಆಗಿರಲಿಲ್ಲ. ಬಸ್ಸು ಬನಹಟ್ಟಿ ಬಿಟ್ಟ ಮೇಲೆ ಮೊದಲ ಸಲ ಒಂದು ವಿಚಾರ ಬಂತು. ಟೆಸ್ಟರನ್ನು ನಾನು ಎಲ್ಲಿ ಹಚ್ಚಿದ್ದೆ? ಗೀಜರಿನ ಬಣ್ಣದ ಮೇಲೆ. ಬಣ್ಣದ ಪದರ ದಾಟಿ ಟೆಸ್ಟರಿನ ತುದಿ ಒಳಗಿನ ತಗಡನ್ನು ಮುಟ್ಟುವುದೇ ಇಲ್ಲ, ದೀಪ ಹತ್ತುವುದಾದರೂ ಹೇಗೆ. ಕಾಲಲ್ಲಿ ರಬ್ಬರ್ ಚಪ್ಪಲಿ. ಕೈಯಲ್ಲಿ ಸತ್ತ ಬೆರಳು. ನಾನು ಗೀಜರನ್ನು ಪರೀಕ್ಷೆ ಮಾಡಿಯೇ ಇರಲಿಲ್ಲ, ದರ್ಶನ ಮಾಡಿ ಬಂದಿದ್ದೆ.

ಜಮಖಂಡಿಯಲ್ಲಿ ಇಳಿದವನೇ ಅಂಗಡಿಗೆ ಹೋಗಿ ಮೀಟರ್ ತಂದೆ. ಗೀಜರಿನ ಕೆಳಗಿನ ಒಂದು ಸ್ಕ್ರೂವಿನ ಬಣ್ಣ ಕೆರೆದು ಒಂದು ತಂತಿ ಅದಕ್ಕೆ ಹಚ್ಚಿ, ಇನ್ನೊಂದನ್ನು ಬಚ್ಚಲದ ಹಸಿ ನೆಲಕ್ಕೆ ಹಚ್ಚಿದೆ. ಮೀಟರಿನ ಅಂಕಿ ಎದ್ದು ನೂರು ದಾಟಿತು. ಸ್ವಿಚ್ ಬಂದ್ ಮಾಡಿದೆ. ಅಂಕಿ ಇಳಿಯಲಿಲ್ಲ. ಇನ್ನೊಮ್ಮೆ ಚಾಲೂ ಮಾಡಿ ಬಂದ್ ಮಾಡಿದೆ. ಇಳಿಯಲಿಲ್ಲ. ಮನೆಯ ಮೇನ್ ಸ್ವಿಚ್ಚನ್ನೇ ಬಂದ್ ಮಾಡಿದಾಗ ಮಾತ್ರ ಸೊನ್ನೆಗೆ ಬಂತು.

ಬೋರ್ಡ್ ಬಿಚ್ಚಿದೆ. ಕರೆಂಟ್ ತರುವ ತಂತಿ ಫೇಸು, ಮರಳಿ ಒಯ್ಯುವ ತಂತಿ ನ್ಯೂಟ್ರಲ್ಲು. ಸ್ವಿಚ್ ಇರಬೇಕಾದದ್ದು ಫೇಸಿನ ದಾರಿಯಲ್ಲಿ. ಅಲ್ಲಿ ಅದು ನ್ಯೂಟ್ರಲ್ಲಿನ ದಾರಿಯಲ್ಲಿ ಕೂತಿತ್ತು. ಅಂದರೆ ಸ್ವಿಚ್ ಬಂದ್ ಮಾಡಿದರೆ ಗೀಜರ್ ಕಾಯುವುದು ನಿಲ್ಲುತ್ತಿತ್ತು, ಕರೆಂಟ್ ಮಾತ್ರ ಒಳಗೇ ಇರುತ್ತಿತ್ತು. ಎರಡೂ ತಂತಿಗಳು ಕರಿ ಬಣ್ಣದವು. ಆಗ ನೆನಪಾಯಿತು. ಮದುವೆಯ ಮುಂದಿನ ಗಡಿಬಿಡಿಯಲ್ಲಿ ಕೆಂಪು ವೈರ್ ಮುಗಿದಿತ್ತು. ಎರಡೂ ಕರಿ ಎಳೆದು, ಗುರುತಿಗೆಂದು ಫೇಸಿನ ತುದಿಗೆ ಗಂಟು ಹಾಕಿದ್ದೆ. ಅಷ್ಟರಲ್ಲಿ ಶಾಂತಕ್ಕ ಊಟಕ್ಕೆ ಕರೆದಳು. ಹೋಳಿಗೆ, ತುಪ್ಪ, ಮೇಲೆ ಒಂದು ತಾಸು ನಿದ್ದೆ. ಎದ್ದು ಬಂದು ಗಂಟು ಇದ್ದದ್ದು ನ್ಯೂಟ್ರಲ್ಲು ಎಂದು ತಿಳಿದು ಜೋಡಿಸಿ ಹೋಗಿದ್ದೆ. ಹೋಳಿಗೆಯ ಮೇಲೆ ತಪ್ಪು ಹೊರಿಸುವುದಿಲ್ಲ, ಅದು ಛಲೋ ಇತ್ತು.

ಇಷ್ಟು ದಿನ ಯಾರಿಗೂ ಏನೂ ಆಗಲಿಲ್ಲ ಯಾಕೆ? ಹಿತ್ತಲಿಗೆ ಹೋಗಿ ನೋಡಿದೆ. ನಾನು ಅರ್ಥಿನ ತಂತಿ ಸುತ್ತಿದ್ದ ಕೊಳವೆಬಾವಿಯ ಕಬ್ಬಿಣದ ಪೈಪು ಇರಲೇ ಇಲ್ಲ. ಸವಿತಾ ತವರಿನಲ್ಲಿ ಇದ್ದಾಗ ಹೊಸ ಪಂಪು ಇಳಿಸಿ ಪ್ಲಾಸ್ಟಿಕ್ ಪೈಪು ಹಾಕಿದ್ದರು. ನನ್ನ ತಂತಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಅದರ ಮೇಲೆ ಒರೆಸುವ ಬಟ್ಟೆ ಒಣಹಾಕಿದ್ದರು. ಬಾಣಂತನಕ್ಕೆ ಹೋಗುವ ಮುಂದೆ ಹೀಗೆ ಇರಲಿಲ್ಲ ಎಂದು ಅವಳು ಹೇಳಿದ್ದಳಲ್ಲ, ಅದು ಪೂರ್ತಿ ಖರೆ. ಎಲಿಮೆಂಟು ಆಗತಾನೇ ಸೋರಲು ಶುರುವಾಗಿತ್ತು. ನಳ, ಪೈಪು, ಬಕೆಟ್ಟು ಎಲ್ಲ ಪ್ಲಾಸ್ಟಿಕ್ ಇದ್ದದ್ದರಿಂದ ಬೇರೆ ಯಾರ ಕೈಗೂ ಹತ್ತಿರಲಿಲ್ಲ. ಈಗ ಅದರ ಕೆಳಗೆ ತಾಮ್ರದ ಹಂಡೆ ಬಂದು ಕೂತಿತ್ತು. ಸೋರಿಕೆ ಇನ್ನಷ್ಟು ಬೆಳೆದ ದಿನ ಶಾಂತಕ್ಕ ಹಸಿ ನೆಲದ ಮೇಲೆ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಆ ಹಂಡೆಯೊಳಗೆ ಕೈ ಹಾಕಿದ್ದರೆ ಎಂದು ನೆನೆದು ನಾನು ಅಲ್ಲೇ ಹಿತ್ತಲಿನ ಕಲ್ಲಿನ ಮೇಲೆ ಕೂತೆ.

ಗಂಜಿಯ ಗುಟ್ಟನ್ನು ಆಮೇಲೆ ಐಟಿಐನ ಒಬ್ಬ ಮೇಷ್ಟ್ರು ನನಗೆ ಬಿಡಿಸಿ ಹೇಳಿದರು. ತಗಡಿನಲ್ಲಿ ಕರೆಂಟ್ ಇದ್ದು ಮೇಲೆ ಬಣ್ಣದ ಪದರವಿದ್ದರೆ, ಒಣಬೆರಳು ಸವರುವಾಗ ಅದು ಬೆರಳಿನ ಚರ್ಮವನ್ನು ಸೆಕೆಂಡಿಗೆ ನೂರು ಸಲ ಎಳೆದು ಬಿಡುತ್ತದೆ. ನುಣ್ಣಗಿನ ಮೈ ತರಿತರಿ ಅನ್ನಿಸುತ್ತದೆ. ಕೈ ನಿಲ್ಲಿಸಿದರೆ ಏನೂ ಇಲ್ಲ. ಸವಿತಾ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ.

ಈಗ ನನ್ನ ಕಳ್ಳಬುದ್ಧಿಯನ್ನೂ ಹೇಳುತ್ತೇನೆ. ಅಂದೇ ಗೀಜರಿನ ತಂತಿ ಬಿಡಿಸಿಟ್ಟು ಹೋದವನು ಭಾನುವಾರ ಮುಂಜಾನೆ ಸಾಮಾನು ತಂದು ತಂತಿ ಬದಲಿಸಿದೆ, ಎಲಿಮೆಂಟ್ ಹೊಸದು ಹಾಕಿದೆ, ಮರಳಿ ಗುಂಡಿ ತೋಡಿ ಇದ್ದಲಿ, ಉಪ್ಪು ತುಂಬಿದೆ, ಸೋರಿಕೆಯಾದರೆ ತಾನೇ ಬಂದ್ ಆಗುವ ಈಗಿನ ಟ್ರಿಪ್ ಸ್ವಿಚ್ಚನ್ನೂ ಕೂಡಿಸಿದೆ. ಎಲ್ಲಾ ಮುಗಿದ ಮೇಲೆ ಮನಸ್ಸು ಹೇಳಿತು, ಹಳೆಯ ಗೀಜರ್, ಎಲಿಮೆಂಟ್ ಹೋಗಿತ್ತು ಎಂದು ಹೇಳಿ ಚೀಲ ಎತ್ತಿಕೋ. ಅದೂ ಸುಳ್ಳಲ್ಲ. ಆದರೆ ಹಾಗೆ ಹೇಳಿದರೆ, ಸ್ವಿಚ್ ಬಂದ್ ಇದ್ದಾಗಲೂ ಹಾಗೇ ಇದೆ ಎಂದ ಸವಿತಾಳ ಮಾತು ಸುಳ್ಳಾಗಿಯೇ ಉಳಿಯುತ್ತಿತ್ತು. ನಾವೆಲ್ಲ ನಕ್ಕದ್ದು ಆ ಮಾತಿಗೇ. ನಾಳೆ ಹಿರಿಯರು ಕೂತಾಗ ಎತ್ತಿ ಆಡುವುದೂ ಅದನ್ನೇ. ಶಾಂತಕ್ಕ ಬಂದು ಏನಾಯಿತು ಎಂದು ಕೇಳಿದಳು. ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೆ.

‘ತಪ್ಪು ನಂದು ಯಕ್ಕಾ. ವೈರು ನಾನ ಉಲ್ಟಾ ಜೋಡಿಸಿದ್ದೆ.’

ಅವಳು ಬೋರ್ಡನ್ನೂ ನನ್ನನ್ನೂ ನೋಡಿದಳು.

‘ಅಂದ್ರ ಆಕಿ ಅಂದದ್ದು ಖರೇನ?’

‘ಖರೇನ.’

‘ಸ್ವಿಚ್ ಬಂದ್ ಮಾಡಿದ ಮ್ಯಾಲೂ?’

‘ಬಂದ್ ಮಾಡಿದ ಮ್ಯಾಲೂ.’

ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಪ್ರಕಾಶ ತಾನು ಹೋಗಿ ಕರೆತರುತ್ತೇನೆ ಎಂದರೆ, ನಕ್ಕವಳು ನಾನು, ನಾನೇ ಹೋಗಬೇಕು ಎಂದು ಅವನನ್ನು ಅಂಗಡಿಯಲ್ಲೇ ಕೂಡಿಸಿ ಒಬ್ಬಳೇ ಬನಹಟ್ಟಿಯ ಬಸ್ಸಿಗೆ ಹೋದಳು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಯಾರೂ ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಇಳಿಹೊತ್ತಿನಲ್ಲಿ ಅತ್ತೆ, ಸೊಸೆ, ಕೂಸು ಮೂವರೂ ಕೂಡಿ ಬಂದರು, ಕೂಸು ಶಾಂತಕ್ಕನ ಹೆಗಲ ಮೇಲಿತ್ತು. ಹಿರಿಯರಿಗೆ ಸೋಮವಾರ ಬರುವುದು ಬೇಡ ಎಂದು ಫೋನ್ ಹೋಯಿತು.

ಸೋಮವಾರ ಮುಂಜಾನೆ ಶಾಂತಕ್ಕ ನನಗೂ ಬರಲು ಹೇಳಿದ್ದಳು. ನಾನು ಬಚ್ಚಲದ ಹೊರಗೆ ಮೀಟರ್ ಹಿಡಿದು ನಿಂತೆ. ಅಂಕಿ ಸೊನ್ನೆ ತೋರಿಸುತ್ತಿತ್ತು, ಎಲ್ಲರಿಗೂ ತೋರಿಸಿದೆ, ಯಾರೂ ಅದರ ಕಡೆ ನೋಡಲಿಲ್ಲ. ಶಾಂತಕ್ಕ ಸೀರೆ ಎತ್ತಿಕಟ್ಟಿ ನೆಲದ ಮೇಲೆ ಕಾಲು ಚಾಚಿ ಕೂತಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದಳು. ಹಂಡೆಯ ತುಂಬ ಬಿಸಿನೀರು ಹೊಗೆಯಾಡುತ್ತಿತ್ತು. ತಂಬಿಗೆ ಅವಳ ಪಕ್ಕದಲ್ಲಿತ್ತು, ಅವಳು ಮುಟ್ಟಲಿಲ್ಲ. ತಲೆ ಎತ್ತಿ ಸೊಸೆಯನ್ನು ನೋಡಿದಳು.

ಸವಿತಾ ಸೆರಗಿನಿಂದ ಬೆರಳು ಒರೆಸಿಕೊಂಡಳು. ಗೀಜರಿನ ಮೈಮೇಲೆ ಮೇಲಿನಿಂದ ಕೆಳಗೆ ಒಮ್ಮೆ ಹರಿಸಿದಳು, ಅಡ್ಡ ಒಮ್ಮೆ ಹರಿಸಿದಳು. ಆಮೇಲೆ ಪೈಪನ್ನು, ಆಮೇಲೆ ಹಂಡೆಯ ಅಂಚನ್ನು. ಕೂಸು ಚಳಿಗೆ ಕಾಲು ಬಡಿಯುತ್ತಿತ್ತು. ಶಾಂತಕ್ಕ ಅವಸರ ಮಾಡಲಿಲ್ಲ.

‘ಹೂಂ, ಎರೀರಿ ಅತ್ತಿ,’ ಎಂದಳು ಸವಿತಾ.

ಶಾಂತಕ್ಕ ತಂಬಿಗೆ ಎತ್ತಿದಳು.